ಭಾವ ಕುಡಿದ ಎರಡು ಲೋಟ ಮದ್ದುಹಾಲು

ಈ ಆಗಸ್ಟಿನ ಮೊದಲ ವಾರ ಗೋಣಿಕೊಪ್ಪಲಿನ ಬಸ್ ನಿಲ್ದಾಣದಲ್ಲಿ, ಕಂಕುಳಲ್ಲಿ ಒಳ್ಳೆಯ ಕೊಡೆಯೊಂದನ್ನು ಮಡಿಸಿ ಇಟ್ಟುಕೊಂಡು ಮಳೆಯಲ್ಲಿ ನೆನೆಯುತ್ತಾ ನಿಂತ ಮುದುಕನೊಬ್ಬನನ್ನು ನೀವು ಕಂಡಿದ್ದರೆ, ಅದು ನಾನು. ಕೊಡೆ ಹರಿದಿರಲಿಲ್ಲ. ನನ್ನ ತಲೆಯೂ ಕೆಟ್ಟಿರಲಿಲ್ಲ. ಸೊಪ್ಪು ಮಾರುವ ಹೆಂಗಸಿಗೆ ಮಾತ್ರ ಎರಡರ ಮೇಲೂ ಅನುಮಾನ ಬಂದಿತ್ತು.

“ಅಜ್ಜ, ಕೈಯಲ್ಲಿ ಕೊಡೆ ಉಂಟಲ್ಲ. ಬಿಡಿಸ್ಬಾರ್ದಾ?”

“ಇದು ಬಿಚ್ಚೋ ಕೊಡೆ ಅಲ್ಲಮ್ಮ, ಹಿಡ್ಕೊಳ್ಳೋ ಕೊಡೆ.”

“ಹಾಗೂ ಉಂಟಾ?” ಎಂದು ಅವಳು ಪಕ್ಕದವಳಿಗೆ ಮಲಯಾಳದಲ್ಲಿ ಏನೋ ಹೇಳಿದಳು. ಇಬ್ಬರೂ ನಕ್ಕರು. ನನ್ನನ್ನು ಕಂಡು ಜನ ನಗುವುದು ಹೊಸದಲ್ಲ, ಐವತ್ತು ವರ್ಷದಿಂದ ಅದಕ್ಕಾಗಿಯೇ ದುಡಿದಿದ್ದೇನೆ. ಮದ್ದುಸೊಪ್ಪಿನ ಎರಡು ಕಟ್ಟನ್ನು ಅವಳು ಪೇಪರಿನಲ್ಲಿ ಸುತ್ತಿ ಕೊಟ್ಟಳು. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡೆ. ಹಸಿ ಕಾಂಡದ ವಾಸನೆಯೊಳಗೆ ಎಲ್ಲೋ ಒಂದೆಳೆ ಸಿಹಿ ಇರುತ್ತದೆ ಆ ಸೊಪ್ಪಿಗೆ. ಅದು ಮೂಗಿಗೆ ಹತ್ತಿದ್ದೇ ತಡ, ಮೂರು ವರ್ಷದ ಹಿಂದಿನ ಕಕ್ಕಡ ತಿಂಗಳು ನನ್ನ ಪಕ್ಕದ ಸೀಟಿನಲ್ಲಿ ಬಂದು ಕೂತಿತು.

ಕೊಡಗಿನವರಲ್ಲದವರಿಗೆ ಎರಡು ಮಾತು ಹೇಳಬೇಕು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಇಲ್ಲಿ ಕಕ್ಕಡ. ಆ ತಿಂಗಳ ಹದಿನೆಂಟನೆಯ ದಿನ ಮದ್ದುಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿ ಕೂಡಿಕೊಳ್ಳುತ್ತದೆ ಎಂಬ ನಂಬಿಕೆ. ಸೊಪ್ಪನ್ನು ಕುದಿಸಿದರೆ ನೀರು ಕಡು ನೇರಳೆಯಾಗುತ್ತದೆ. ಆ ನೀರಿನಲ್ಲಿ ಅಕ್ಕಿ ಬೇಯಿಸಿ, ಬೆಲ್ಲ, ಕಾಯಿ ಹಾಕಿ ಪಾಯಸ ಮಾಡುತ್ತಾರೆ. ತಿಂದ ಮಾರನೆಯ ಬೆಳಿಗ್ಗೆ ಮೂತ್ರ ಕೆಂಪಗೆ ಹೋಗುತ್ತದೆ. ತೊಂದರೆ ಏನೂ ಇಲ್ಲ, ಬರೀ ಬಣ್ಣ. ಮದ್ದು ಮೈಗೆ ಹಿಡಿಯಿತು ಅನ್ನುವುದಕ್ಕೆ ಅದೇ ಗುರುತು. ಇಲ್ಲಿಯವರಿಗೆ ಇದು ಎಷ್ಟು ಗೊತ್ತಿರುವ ಸಂಗತಿಯೆಂದರೆ, ಯಾರೂ ಯಾರಿಗೂ ಹೇಳುವುದೇ ಇಲ್ಲ. ನಮ್ಮ ಮನೆಯಲ್ಲಿ ಆದ ಎಡವಟ್ಟಿಗೆ ಮೂಲ ಅದೇ.

ನಮ್ಮದು ಹಾಸನದ ಕಡೆಯಿಂದ ಬಂದು ಶಿರಂಗಾಲದಲ್ಲಿ ನೆಲೆನಿಂತ ಮನೆತನ. ನಾನು ಮಾತ್ರ ಮೂವತ್ತೊಂದು ವರ್ಷ ಪಾಲಿಬೆಟ್ಟದ ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದೆ. ಬೆಳಿಗ್ಗೆ ಆಳುಗಳ ಹಾಜರಿ ತೆಗೆದುಕೊಳ್ಳುವುದು, ಯಾರಿಗೆ ಎಲ್ಲಿ ಕೆಲಸ ಅಂತ ಹೇಳುವುದು, ಉಳಿದ ಹೊತ್ತಿನಲ್ಲಿ ಯಾರನ್ನು ಹೇಗೆ ಬೇಸ್ತು ಬೀಳಿಸುವುದು ಅಂತ ಯೋಚಿಸುವುದು. ಮೂರನ್ನೂ ಒಂದು ದಿನವೂ ತಪ್ಪಿಸಲಿಲ್ಲ. ಮದ್ದು ಪಾಯಸದ ರುಚಿ ಹತ್ತಿಸಿದ್ದು ಅಲ್ಲಿ ಪಕ್ಕದ ಮನೆಯಲ್ಲಿದ್ದ ಕೊಡವರ ಅಜ್ಜಿ. ಮೊದಲ ವರ್ಷ ಬೆಳಗಿನ ವಿಷಯ ನಮಗೆ ಹೇಳದೆ, ಬೇಲಿಯಾಚೆ ಕಿವಿಗೊಟ್ಟು ಕೂತು, ನಾನು ಕೂಗಿಕೊಂಡಾಗ ಹೊಟ್ಟೆ ಹಿಡಿದು ನಕ್ಕಿತ್ತು ಆ ಅಜ್ಜಿ. ನನ್ನ ಬದುಕಿನಲ್ಲಿ ನನ್ನನ್ನು ಗೆದ್ದವರು ಇಬ್ಬರೇ. ಒಬ್ಬರು ಆ ಅಜ್ಜಿ. ಇನ್ನೊಬ್ಬರ ಹತ್ತಿರ ಬರುತ್ತಿದ್ದೇನೆ.

ರಿಟೈರ್ ಆಗಿ ಶಿರಂಗಾಲಕ್ಕೆ ಬಂದ ಮೇಲೆ ಪಾಯಸ ನಿಂತಿತ್ತು. ಮೂರು ವರ್ಷದ ಹಿಂದೆ, ಕಕ್ಕಡ ಹತ್ತಿರವಾಗುತ್ತಿದ್ದಾಗ ನಾನು ಮನೆಯಲ್ಲಿ ಘೋಷಿಸಿದೆ: “ಪಾಯಸ ಎಲ್ಲಾರೂ ಮಾಡ್ತಾರೆ. ನಾನು ಅದನ್ನ ಕುಡಿಯೋ ಹಂಗೆ ಮಾಡ್ತೀನಿ. ಒಂದ್ಸಲ ಕುಡಿದವ್ರು ಬಾದಾಮಿ ಹಾಲು ಮರೀಬೇಕು.”

“ಮಾವ, ಯಾರನ್ನ ಬೀಳ್ಸೋಕೆ ಇದು?” ಎಂದಳು ಸೊಸೆ ಸವಿತಾ. ಪಿರಿಯಾಪಟ್ಟಣದ ಕಡೆಯ ಹುಡುಗಿ. ಮದುವೆಯಾಗಿ ಬಂದ ಮೊದಲ ವಾರವೇ ಅವಳ ಸಕ್ಕರೆ ಡಬ್ಬಿಗೆ ನಾನು ರವೆ ತುಂಬಿದ್ದೆ. ಅವತ್ತಿನಿಂದ ನಾನು ನೀರು ಕೊಟ್ಟರೂ ಮೂಸಿ ಕುಡಿಯುತ್ತಾಳೆ.

ಬೀಳಿಸುವ ಯೋಚನೆ ನನಗೆ ನಿಜವಾಗಿಯೂ ಇರಲಿಲ್ಲ. ಇರುವ ಸ್ಥಿತಿಯಲ್ಲಿ ನಾನಿರಲಿಲ್ಲ. ನನ್ನ ಹೆಂಡತಿ ಜಯಮ್ಮ ಆಗತಾನೇ ಕಣ್ಣಿನ ಪೊರೆ ತೆಗೆಸಿಕೊಂಡು, ಕಪ್ಪು ಕನ್ನಡಕ ಹಾಕಿಕೊಂಡು ಮನೆಯಲ್ಲಿ ಕೂತಿದ್ದಳು. ಅವಳ ಅಣ್ಣ ಹೊಳೆಯಾಚೆ ಕೊಣನೂರಿನ ಹತ್ತಿರದವರು. ಬಸ್ಸು ಹತ್ತಿದರೆ ಅರ್ಧ ಗಂಟೆ. ಆ ಅರ್ಧ ಗಂಟೆಯನ್ನು ಅವರು ಎಂಟು ವರ್ಷದಿಂದ ದಾಟಿರಲಿಲ್ಲ. ವರ್ಷಕ್ಕೊಮ್ಮೆ ಜಯಮ್ಮ ಒಬ್ಬಳೇ ಹೋಗಿ ಅಣ್ಣನನ್ನು ನೋಡಿಕೊಂಡು ಬರುತ್ತಿದ್ದಳು. ಬಂದ ದಿನ ನನ್ನ ಜೊತೆ ಮಾತಾಡುತ್ತಿರಲಿಲ್ಲ.

ಕಾರಣ ನಾನೇ. ನಮ್ಮ ಮಗ ಮಹೇಶನ ಮದುವೆಯ ದಿನ ಭಾವನ ಕೊಡೆಯೊಳಗೆ ಒಂದು ಸೇರು ಅಕ್ಕಿ ಹಿಟ್ಟು ತುಂಬಿದ್ದೆ. ಭಾವ ರಿಟೈರ್ಡ್ ಹೆಡ್ಮಾಸ್ಟರು. ಬಿಳಿ ಪಂಚೆ, ಇಸ್ತ್ರಿ ಮಾಡಿದ ಜುಬ್ಬ, ಬಾಗಿದ ಮರದ ಹಿಡಿಯ ಕರಿ ಕೊಡೆ. ಛತ್ರದ ಬಾಗಿಲಲ್ಲಿ ಬೀಗರೆಲ್ಲ ಸಾಲಾಗಿ ನಿಂತಿದ್ದಾಗ ಹನಿ ಬಿತ್ತು, ಭಾವ ಗತ್ತಿನಿಂದ ಕೊಡೆ ಬಿಚ್ಚಿದರು. ಒಳಗಿಂದ ಹಿಟ್ಟು, ಹೊರಗಿಂದ ಮಳೆ. ಎರಡು ನಿಮಿಷದಲ್ಲಿ ಅವರು ಹಿಟ್ಟು ಹುಯ್ದ ಕಾವಲಿಯಂತೆ ನಿಂತಿದ್ದರು. ಫೋಟೋದವನು ಬಿಡುತ್ತಾನೆಯೇ? ಆಲ್ಬಮ್ಮಿನ ಮೊದಲ ಪುಟದಲ್ಲೇ ಇದೆ. ಭಾವ ಮುಖ ಒರೆಸಿಕೊಂಡರು. ಕೊಡೆ ಮಡಿಸಿದರು, ಊಟ ಮಾಡದೆ ಹೊರಟುಹೋದರು. ಅಷ್ಟು ಜನ ನಕ್ಕ ಆ ನಗು ನನ್ನ ಕೈಯಿಂದ ಬಂದ ಅತಿ ದೊಡ್ಡ ನಗು. ಅದರ ಬಗ್ಗೆ ಎಂಟು ವರ್ಷ ಎಲ್ಲರ ಹತ್ತಿರ ಕೊಚ್ಚಿಕೊಂಡೆ, ಭಾವನ ಹತ್ತಿರ ತಪ್ಪಾಯಿತು ಅನ್ನುವುದನ್ನು ಬಿಟ್ಟು.

ಜಯಮ್ಮನಿಗೆ ಆ ವರ್ಷ ಬಸ್ಸು ಹತ್ತುವ ಹಾಗಿರಲಿಲ್ಲವಲ್ಲ, ಸವಿತಾ ಸೀದಾ ಭಾವನಿಗೆ ಫೋನು ಮಾಡಿದಳು. “ಅತ್ತೆ ಬರೋ ಹಂಗಿಲ್ಲ, ನೀವೇ ಬಂದು ನೋಡ್ಕೊಂಡು ಹೋಗಿ” ಅಂದಳು. ಅವರು “ಬರ್ತೀನಿ” ಅಂದರಂತೆ. ಬರುವ ದಿನ ಸರಿಯಾಗಿ ಕಕ್ಕಡ ಹದಿನೆಂಟು.

ಜಯಮ್ಮ ನನ್ನನ್ನು ಎದುರಿಗೆ ಕೂರಿಸಿಕೊಂಡು ಹೇಳಿದಳು: “ಅಣ್ಣನ ಹತ್ರ ಮೂರೇ ಮಾತು. ಬನ್ನಿ, ಊಟ ಆಯ್ತಾ, ನಿದ್ದೆ ಬಂತಾ. ನಾಲ್ಕನೇ ಮಾತು ಆಡುದ್ರೆ ನೋಡಿ. ಅವನು ಈ ಸಲಾನೂ ಮುನಿಸ್ಕೊಂಡು ಹೋದ್ರೆ, ಅವನ ಜೊತೆ ನಾನೂ ಹೊಳೆ ದಾಟ್ತೀನಿ. ವಾಪಸ್ ಬರಲ್ಲ.”

ಕನ್ನಡಕ ಕಪ್ಪಗಿದ್ದರಿಂದ ಅವಳ ಕಣ್ಣು ಕಾಣಲಿಲ್ಲ. ದನಿ ಸಾಕಾಗಿತ್ತು.

ಬಾಯಿ ಕಟ್ಟಿಹಾಕಿದ ಮೇಲೆ ಉಳಿದದ್ದು ಕೈ. ನಾನು ಮದ್ದುಸೊಪ್ಪಿನ ಕಡೆ ತಿರುಗಿದೆ. ಹಿಂದಿನ ದಿನವೇ ಗೋಣಿಕೊಪ್ಪಲಿಗೆ ಹೋಗಿ ಎರಡು ಚೀಲ ತಂದೆ. ಮೊದಲ ಪಾತ್ರೆಯಲ್ಲಿ ಸೊಪ್ಪಿನ ನೀರು, ಬೆಲ್ಲ, ಅಷ್ಟೇ. ಮಹೇಶ ಒಂದು ಗುಟುಕು ಕುಡಿದು ನಾಲಗೆ ಹೊರಗೆ ಹಾಕಿದ. ನೇರಳೆ ಬಣ್ಣಕ್ಕೆ ತಿರುಗಿತ್ತು. “ಸ್ಕೂಲಲ್ಲಿ ಇಂಕ್ ಪೆನ್ ಚೀಪ್ತಿದ್ನಲ್ಲ ಅಪ್ಪ, ಅದೇ ರುಚಿ” ಅಂದ. ಎರಡನೆಯದಕ್ಕೆ ನಮ್ಮ ಹೊಲದ ಶುಂಠಿ ಜಜ್ಜಿ ಹಾಕಿದೆ. ನಮ್ಮ ಶುಂಠಿಯ ಖಾರದ ಬಗ್ಗೆ ನನಗೆ ಹೆಮ್ಮೆ ಇದೆ, ಹೆಮ್ಮೆಯಷ್ಟೇ ಹಾಕಿದೆ. ಮನೆಯವರೆಲ್ಲ ಕೆಮ್ಮಿದ ಸದ್ದಿಗೆ ಕೊಟ್ಟಿಗೆಯ ಹಸು ಎದ್ದು ನಿಂತಿತು.

“ಕಾಯಿ ಹಾಲು ಹಾಕಿ ಮಾವ, ಖಾರ ಸಾಯುತ್ತೆ” ಎಂದು ಸವಿತಾ ತಾನೇ ತುರಿದು ಹಿಂಡಿಕೊಟ್ಟಳು. ಖಾರ ಸತ್ತಿತು, ಆದರೆ ಹಾಲು ಮೇಲೆ, ಸೊಪ್ಪಿನ ನೀರು ಕೆಳಗೆ, ಒಂದಕ್ಕೊಂದು ಸೇರಲೊಲ್ಲವು. ಮೂಲೆಯಲ್ಲಿ ಕೂತಿದ್ದ ಜಯಮ್ಮ ಒಂದು ಬೆರಳು ಅದ್ದಿ ಚಪ್ಪರಿಸಿದಳು.

“ಒಂದು ಹಿಡಿ ಅಕ್ಕಿ ಹುರಿದು ಪುಡಿ ಮಾಡಿ ಕದಡ್ರಿ. ಏಲಕ್ಕಿ ಕೊನೆಗೆ. ಒಂದು ಚಿಟಿಕೆ ಉಪ್ಪು.”

ಹಾಗೇ ಮಾಡಿದೆ. ಮೂರು ಕುದಿ ಬಂದ ಮೇಲೆ ಸೌಟು ಎತ್ತಿ ಸುರಿದರೆ ರೇಷ್ಮೆ ಸೀರೆಯ ಸೆರಗು ಜಾರಿದ ಹಾಗೆ ಜಾರಿತು. ಬಣ್ಣ ಮಾಗಿದ ನೇರಳೆ ಹಣ್ಣಿನದು. ಬಿಸಿಬಿಸಿ ಗುಟುಕಿಗೆ ಮೊದಲು ಬೆಲ್ಲ, ಆಮೇಲೆ ಕಾಯಿ, ಕೊನೆಗೆ ಗಂಟಲಲ್ಲಿ ಶುಂಠಿಯ ಸಣ್ಣ ಚುರುಕು, ಮತ್ತು ಎಲ್ಲದರ ಹಿಂದೆ ಆ ಸೊಪ್ಪಿನ ಘಮ. ಮಹೇಶ ಲೋಟ ನೆಕ್ಕಿದ. ಸವಿತಾ ಮೂಸದೆ ಕುಡಿದಳು. ಮದ್ದುಹಾಲು ಅಂತ ಹೆಸರಿಟ್ಟೆ. ಕಂಡುಹಿಡಿದವನು ನಾನು. ಹುರಿದ ಅಕ್ಕಿ, ಏಲಕ್ಕಿ, ಉಪ್ಪು, ಕಾಯಿ ಹಾಲು, ಇಷ್ಟು ಬಿಟ್ಟರೆ ಉಳಿದದ್ದೆಲ್ಲ ನನ್ನದೇ.

ಹದಿನೆಂಟರ ಸಂಜೆ ಭಾವ ಬಂದರು. ಅದೇ ಬಿಳಿ ಪಂಚೆ, ಅದೇ ಕೊಡೆ. ಅಂಗಳದಲ್ಲಿ ಕೊಡೆಯನ್ನು ಮಡಿಸುವ ಮೊದಲು ನನ್ನ ಕಡೆ ಒಮ್ಮೆ ನೋಡಿ, ಅದನ್ನು ಒಳಗೆ ತಂದು ಮಂಚದ ಕೆಳಗೆ ಇಟ್ಟುಕೊಂಡರು.

“ಬನ್ನಿ ಭಾವ” ಅಂದೆ. ಮೊದಲ ಮಾತು ಖರ್ಚಾಯಿತು.

“ಹೂಂ, ನಂಜೇಗೌಡ್ರೆ” ಅಂದರು. ಮೊದಲೆಲ್ಲ ನನ್ನನ್ನು ಭಾವ ಅಂತಲೇ ಕರೆಯುತ್ತಿದ್ದರು. ಹಿಟ್ಟು ಬಿದ್ದ ಮೇಲೆ ನಂಜೇಗೌಡರಾಗಿದ್ದೆ.

ಅಣ್ಣ ತಂಗಿ ಬಹಳ ಹೊತ್ತು ಕೂತು ಮಾತಾಡಿದರು. ಸವಿತಾ ಮದ್ದುಹಾಲು ತಂದುಕೊಟ್ಟಳು. ಭಾವ ಮೊದಲು ಲೋಟ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಜಯಮ್ಮ ತಾನೇ ಒಂದು ಗುಟುಕು ಕುಡಿದು ತೋರಿಸಿದಳು. ಆಗ ಅವರೂ ಕುಡಿದರು. ಹುಬ್ಬು ಮೇಲೆ ಹೋಯಿತು. ಲೋಟ ಖಾಲಿಯಾಯಿತು. “ಇನ್ನೊಂದು ಸ್ವಲ್ಪ ಇದ್ಯೇನಮ್ಮ?” ಅಂದರು. ಎಂಟು ವರ್ಷದ ಮೇಲೆ ನನ್ನ ಮನೆಯಲ್ಲಿ ಭಾವ ಏನನ್ನೋ ಕೇಳಿ ತೆಗೆದುಕೊಂಡರು. ನನ್ನ ಎದೆ ಎಷ್ಟು ಉಬ್ಬಿತೆಂದರೆ ಅಂಗಿಯ ಗುಂಡಿ ಬಿಗಿಯಾಯಿತು.

ಎರಡನೆಯ ಲೋಟ ಅರ್ಧವಾದಾಗ ನನಗೆ ತಟ್ಟನೆ ಹೊಳೆಯಿತು. ನಾಳೆ ಬೆಳಗಿನ ವಿಷಯ ಭಾವನಿಗೆ ಯಾರು ಹೇಳಿದ್ದಾರೆ? ನಮ್ಮ ಮನೆಯವರಿಗೆಲ್ಲ ಗೊತ್ತು. ಅವರಿಗೆ?

“ಭಾವ, ನಾಳೆ ಬೆಳಿಗ್ಗೆ ಎದ್ದಾಗ...” ಎಂದು ಶುರುಮಾಡಿದೆ.

ಕಪ್ಪು ಕನ್ನಡಕ ನನ್ನ ಕಡೆ ತಿರುಗಿತು. ನಾಲ್ಕನೆಯ ಮಾತು. ಅಲ್ಲದೆ, ಯೋಚನೆ ಮಾಡಿ ನೋಡಿ, ನಾನು ಏನಂತ ಹೇಳಬೇಕಿತ್ತು? ನಾಳೆ ನಿಮಗೆ ಕೆಂಪಗೆ ಹೋಗುತ್ತದೆ ಅಂತಲೇ? ನನ್ನ ಬಾಯಿಂದ ಆ ಮಾತು ಬಂದರೆ ಅದಕ್ಕಿಂತ ದೊಡ್ಡ ಕುಚೇಷ್ಟೆ ಯಾವುದು? “...ಕಾಫಿ ಬೇಕೋ ಟೀ ಬೇಕೋ?” ಎಂದು ಮುಗಿಸಿದೆ. ಜಯಮ್ಮ ಹೇಳಿರುತ್ತಾಳೆ, ಅಥವಾ ಹೇಳುತ್ತಾಳೆ ಅಂದುಕೊಂಡೆ. ಜಯಮ್ಮ, ಸವಿತಾ ಹೇಳಿರುತ್ತಾಳೆ ಅಂದುಕೊಂಡಿದ್ದಳಂತೆ. ಸವಿತಾ, ಭಾವನಂಥ ಓದಿದವರಿಗೆ ಗೊತ್ತಿರದೆ ಇರುತ್ತದೆಯೇ ಅಂದುಕೊಂಡಿದ್ದಳಂತೆ.

ಬೆಳಿಗ್ಗೆ ಬಚ್ಚಲಿನಿಂದ ಬಂದ ಭಾವನ ಮುಖ ಸುಣ್ಣ ಬಳಿದಂತಿತ್ತು. ಹೆಗಲ ಮೇಲಿನ ಟವೆಲ್ಲನ್ನು ಎರಡೆರಡು ಸಲ ಮಡಿಸಿದರು. ಸೀದಾ ಜಯಮ್ಮ ಮಲಗುವ ಕೋಣೆಗೆ ಹೋದರು, ಸ್ವಲ್ಪ ಹೊತ್ತಿಗೆ ಈಚೆ ಬಂದರು. ನಾನು ಜಗುಲಿಯಲ್ಲಿ ಮೂರನೆಯ ಮಾತನ್ನು ಸಿದ್ಧ ಮಾಡಿಕೊಂಡು ಕೂತಿದ್ದೆ.

“ನಿದ್ದೆ ಬಂತಾ ಭಾವ?”

“ನಂಜೇಗೌಡ್ರೆ, ಹೊಳೆ ಕಡೆ ಒಂದು ಹೆಜ್ಜೆ ಬರ್ತೀರಾ? ಜಯನಿಗೆ ಕೇಳಿಸೋದು ಬೇಡ.”

ಮಳೆ ಬಿಟ್ಟಿತ್ತು. ಕಾವೇರಿ ಕೆಂಪು ನೀರು ತುಂಬಿಕೊಂಡು ಸೇತುವೆಯ ಕಾಲುಗಳನ್ನು ತಳ್ಳುತ್ತಿತ್ತು. ಇಬ್ಬರೂ ಸೇತುವೆಯ ಪಕ್ಕದ ಕಟ್ಟೆಯ ಮೇಲೆ ಕೂತೆವು. ಭಾವ ನೀರನ್ನೇ ನೋಡುತ್ತಾ ಹೇಳಿದರು: “ಬೆಳಿಗ್ಗೆ ರಕ್ತ ಹೋಯ್ತು.”

ನಾನು ಅವರ ಕೈ ಹಿಡಿದುಕೊಂಡೆ. “ಅಯ್ಯೋ ಭಾವ, ಅದು ರಕ್ತ ಅಲ್ಲ. ಸೊಪ್ಪಿನ ಬಣ್ಣ. ನಿನ್ನೆ ಕುಡಿದ್ರಲ್ಲ, ಅದ್ರದ್ದು. ಎಲ್ಲಾರ್ಗೂ ಹೋಗುತ್ತೆ. ನಂಗೂ ಹೋಗಿದೆ.”

ಅವರು ನಿಧಾನಕ್ಕೆ ನನ್ನ ಕಡೆ ತಿರುಗಿದರು. “ಸಾಯೋ ಹೊತ್ತಲ್ಲೂ ತಮಾಷೆನಾ?”

“ತಾಯಾಣೆಗೂ ತಮಾಷೆ ಅಲ್ಲ ಭಾವ.”

“ನಿಮ್ಮ ತಾಯಾಣೆ ನಾನು ಕಂಡಿದೀನಿ. ನಿಮ್ಮ ಮದ್ವೆ ದಿನ ನನ್ನ ಚಪ್ಪಲಿ ನೋಡೇ ಇಲ್ಲ ಅಂತ ತಾಯಾಣೆ ಮಾಡಿದ್ರಿ. ಎರಡೂ ಎಡಗಾಲಿಂದೇ ಹಾಕ್ಕೊಂಡು ಮನೆಗೆ ಹೋದೆ ನಾನು.”

ಜೀವಮಾನದಲ್ಲಿ ಮೊದಲ ಸಲ ಶುದ್ಧ ನಿಜ ಹೇಳುತ್ತಿದ್ದೇನೆ, ನಂಬುವವರಿಲ್ಲ. ಅವರು ಹಳೆ ಕಿಡ್ನಿ ಕಲ್ಲಿನ ತೊಂದರೆ ತಿರುಗಿ ಬಂದಿದೆ ಅನ್ನುತ್ತಾರೆ, ಇವತ್ತೇ ಊರಿಗೆ ಹೊರಡುತ್ತೇನೆ ಅನ್ನುತ್ತಾರೆ. ಅವರು ಹೊರಟರೆ ಜಯಮ್ಮ ಹೊರಡುತ್ತಾಳೆ.

“ಒಂದು ಕೆಲಸ ಮಾಡಿ,” ಎಂದರು ಭಾವ, ತರಗತಿಯಲ್ಲಿ ಮಕ್ಕಳಿಗೆ ಹೇಳುವ ದನಿಯಲ್ಲಿ. “ಹಳೇವೆಲ್ಲ ಒಂದೊಂದಾಗಿ ಒಪ್ಕೊಳ್ಳಿ. ಅವೆಲ್ಲ ನಿಜ ಬಂದ್ರೆ ಇದನ್ನೂ ನಂಬ್ತೀನಿ.”

ಒಪ್ಪಿಕೊಂಡೆ. ಚಪ್ಪಲಿ ಅದಲುಬದಲು ಮಾಡಿದ್ದು ನಾನೇ. ಅವರು ಪಾಲಿಬೆಟ್ಟಕ್ಕೆ ಮೊದಲ ಸಲ ಬಂದಾಗ, ಬಿಳಿ ಬಟ್ಟೆಯವರು ಇಂಜೆಕ್ಷನ್ ಡಾಕ್ಟರು ಎಂದು ಆಳುಗಳ ಲೈನ್ ಮನೆಗಳಲ್ಲೆಲ್ಲ ಹಬ್ಬಿಸಿದ್ದು ನಾನೇ.

“ಅದಕ್ಕೇ ಮೂರು ದಿನ ನನ್ನ ಕಂಡ್ರೆ ಮಕ್ಕಳೆಲ್ಲ ಓಡ್ತಿದ್ವು,” ಎಂದರು ಭಾವ. “ಮೇಷ್ಟ್ರ ಗತ್ತು ನೋಡಿ ಹೆದರ್ತಾವೆ ಅಂದ್ಕೊಂಡು ಮನಸ್ಸಲ್ಲೇ ಖುಷಿಪಟ್ಟಿದ್ದೆ. ಮುಂದಕ್ಕೆ ಹೇಳಿ. ಕೊಡೆ?”

“ನಾನೇ.”

“ಯಾಕೆ?”

ಆ ಪ್ರಶ್ನೆ ನನ್ನನ್ನು ಯಾರೂ ಕೇಳಿರಲಿಲ್ಲ. ಎಲ್ಲರೂ ಹೇಗೆ ತುಂಬಿದೆ, ಎಷ್ಟು ಹಿಟ್ಟು, ಬಿಚ್ಚಿದಾಗ ಮುಖ ಹೇಗಿತ್ತು ಅಂತ ಕೇಳಿದವರೇ. “ಮಗನ ಮದ್ವೇಲಿ ಎಲ್ಲಾರೂ ನಿಮಗೇ ಕೈ ಮುಗೀತಿದ್ರು ಭಾವ. ಮೇಷ್ಟ್ರು ಬಂದ್ರು, ಮೇಷ್ಟ್ರು ಬಂದ್ರು ಅಂತ. ಹುಡುಗನ ಅಪ್ಪ ನಾನು, ನನ್ನನ್ನ ಯಾರೂ ನೋಡ್ಲಿಲ್ಲ. ಒಂದು ಸಲ ನೋಡ್ಲಿ ಅಂತ ಮಾಡ್ದೆ. ನೀವು ಉಣ್ದೆ ಹೋಗ್ತೀರಿ ಅಂದ್ಕೊಂಡಿರ್ಲಿಲ್ಲ. ತಪ್ಪಾಯ್ತು. ಎಂಟು ವರ್ಷದಿಂದ ಹೇಳ್ಬೇಕು ಅಂತಿದ್ದೆ, ಬಾಯಿ ಬರ್ಲಿಲ್ಲ. ನಿಮ್ಮ ತಂಗಿನ ಕರ್ಕೊಂಡು ಹೋಗ್ಬೇಡಿ.”

ಕಣ್ಣಲ್ಲಿ ನೀರು ಬಂತು ಅನ್ನುವುದನ್ನು ನಾನು ಬರೆಯುತ್ತಿರಲಿಲ್ಲ. ಆದರೆ ಸಾಕ್ಷಿಗಳಿದ್ದಾರೆ.

ಭಾವ ಜುಬ್ಬದ ಜೇಬಿನಿಂದ ಫೋನು ತೆಗೆದು ಬಾಯಿಯ ಹತ್ತಿರ ಹಿಡಿದರು.

“ಜಯಾ, ಕೇಳಿಸ್ತೇನಮ್ಮ?”

“ಕೇಳಿಸ್ತು ಅಣ್ಣ,” ಎಂದಿತು ಫೋನು. “ಕೊನೇದು ಇನ್ನೊಂದ್ಸಲ ಹೇಳ್ಸು. ಸವಿತಾ ಒಲೆ ಹತ್ರ ಹೋಗಿದ್ಳು, ಅವಳಿಗೆ ಕೇಳಿಸ್ಲಿಲ್ಲ.”

ನಾನು ಫೋನನ್ನು ನೋಡಿದೆ, ಭಾವನನ್ನು ನೋಡಿದೆ. ಬೇಸ್ತು ಬಿದ್ದವನು ಈ ಸಲ ನಾನು.

“ಐದು ನಿಮಿಷ ನಿಜವಾಗ್ಲೂ ಹೆದರಿದ್ದೆ,” ಎಂದರು ಭಾವ. “ಜಯನ ಹತ್ರ ಹೋಗಿ ಹೇಳ್ದೆ. ಅವಳು ನಕ್ಕಿದ್ದು ನೋಡಿ ಗೊತ್ತಾಯ್ತು. ಆ ಐದು ನಿಮಿಷಕ್ಕೆ ನಿಮ್ಮನ್ನ ಸುಮ್ಮನೆ ಬಿಡೋದಾ ಭಾವ?”

ನನ್ನನ್ನು ಮತ್ತೆ ಭಾವ ಅಂದರು. ಫೋನಿನೊಳಗೆ ಜಯಮ್ಮ ನಗುತ್ತಲೇ ಇದ್ದಳು. ನನ್ನ ಎಷ್ಟೋ ಕುಚೇಷ್ಟೆಗಳಿಗೆ ಊರೆಲ್ಲ ನಕ್ಕಿದೆ, ಅವಳು ಮಾತ್ರ ತುಟಿ ಬಿಗಿದುಕೊಂಡು ಒಳಗೆ ಹೋಗುತ್ತಿದ್ದಳು. ಅವಳ ನಗು ಹಾಗಿರುತ್ತದೆ ಅನ್ನುವುದನ್ನು ನಾನು ಮರೆತೇ ಬಿಟ್ಟಿದ್ದೆ.

ಒಂದು ದಿನಕ್ಕೆ ಬಂದ ಭಾವ ಆರು ದಿನ ಇದ್ದರು. ಉಳಿದ ಸೊಪ್ಪಿನಲ್ಲಿ ಇನ್ನೆರಡು ಸಲ ಮದ್ದುಹಾಲು ಮಾಡಿದೆವು. ಶುಂಠಿ ಹಾಕುವಾಗ ಭಾವ ಪಕ್ಕದಲ್ಲಿ ನಿಂತು, “ಸಾಕು, ನಿಲ್ಲಿಸಿ” ಅನ್ನುತ್ತಿದ್ದರು. ಹೊರಡುವ ದಿನ ಬೆಳಿಗ್ಗೆ, ಬಿಸಿಲು ಬಿದ್ದಿತ್ತು, ಅವರು ಮಂಚದ ಕೆಳಗಿನಿಂದ ಆ ಕೊಡೆ ತೆಗೆದರು. ಮಡಿಕೆಗಳನ್ನು ಒಂದೊಂದಾಗಿ ಜೋಡಿಸಿ, ಪಟ್ಟಿಯನ್ನು ಎರಡು ಸುತ್ತು ಸುತ್ತಿ ಗುಂಡಿ ಹಾಕಿ, ನನ್ನ ಕೈಗೆ ಕೊಟ್ಟರು.

“ಮಳೆಗಾಲ ಇನ್ನೂ ಇದೆ. ಇಟ್ಕೊಳ್ಳಿ ಭಾವ, ಉಪಯೋಗಕ್ಕೆ ಬರುತ್ತೆ.”

ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಹೆಡ್ಮಾಸ್ಟರ ಮುಖ.

ಈಗ ಅರ್ಥವಾಯಿತೇ, ಗೋಣಿಕೊಪ್ಪಲಿನಲ್ಲಿ ನಾನು ಯಾಕೆ ನೆನೆಯುತ್ತಾ ನಿಂತಿದ್ದೆ ಅಂತ? ಮೂರು ಮಳೆಗಾಲವಾಗಿತ್ತು, ಆ ಕೊಡೆಯನ್ನು ನಾನು ಬಿಚ್ಚಿರಲಿಲ್ಲ. ಹಿಟ್ಟೋ, ಬೂದಿಯೋ, ಮೆಣಸಿನ ಪುಡಿಯೋ, ಯಾರಿಗೆ ಗೊತ್ತು. ಬಿಟ್ಟುಹೋಗಲೂ ಮನಸ್ಸಿಲ್ಲ, ಭಾವ ಕೊಟ್ಟದ್ದು. ಪ್ರತಿ ಕಕ್ಕಡಕ್ಕೂ ಸೊಪ್ಪು ತೆಗೆದುಕೊಂಡು ಭಾವನ ಮನೆಗೆ ಹೋಗುತ್ತೇನೆ. ಜಯಮ್ಮ ಎರಡು ದಿನ ಮೊದಲೇ ಹೋಗಿರುತ್ತಾಳೆ. ಪ್ರತಿ ಸಲವೂ ಅಂಗಳದಲ್ಲಿ ನನ್ನನ್ನು ನೋಡಿ ಭಾವ ಕೇಳುತ್ತಾರೆ: “ಕೊಡೆ ಇತ್ತಲ್ಲ?”

ಈ ವರ್ಷ ಕೊಣನೂರಿನಿಂದ ಭಾವನ ಊರಿಗೆ ತಿರುಗುವ ಕಡೆ ಬಸ್ಸಿಳಿದಾಗ ಮಳೆ ಜೋರಾಗಿತ್ತು. ತಂಗುದಾಣದಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ಇವತ್ತು ಆಗಿಹೋಗಲಿ ಅನ್ನಿಸಿತು. ಸೊಪ್ಪಿನ ಕಟ್ಟನ್ನು ದೂರ ಇಟ್ಟೆ. ಗುಂಡಿ ಬಿಚ್ಚಿದೆ. ಕೈ ಉದ್ದಕ್ಕೆ ಚಾಚಿ, ಮುಖ ಆ ಕಡೆ ತಿರುಗಿಸಿ, ಕಣ್ಣು ಮುಚ್ಚಿ, ಕೊಡೆ ಬಿಚ್ಚಿದೆ.

ಏನೂ ಬೀಳಲಿಲ್ಲ. ಒಂದು ಕಣ್ಣು ತೆರೆದು ನೋಡಿದೆ. ಅಲ್ಲಾಡಿಸಿದೆ. ಕಡ್ಡಿಗಳ ಸಂದಿಯಲ್ಲಿ ಬೆರಳಾಡಿಸಿದೆ. ಬರೀ ಚೊಕ್ಕವಾದ ಕರಿ ಬಟ್ಟೆ. ಒಂದು ಕಡೆ ಹರಿದಿದ್ದನ್ನು ಸಣ್ಣ ಹೊಲಿಗೆಯಲ್ಲಿ ಹೊಲಿಸಿಯೂ ಕೊಟ್ಟಿದ್ದರು.

ಮೂರು ಮಳೆಗಾಲ ಖಾಲಿ ಕೊಡೆ ಹಿಡಿದುಕೊಂಡು ನೆನೆದಿದ್ದೆ ನಾನು. ಐವತ್ತು ವರ್ಷದ ನನ್ನ ಕಸುಬಿನಲ್ಲಿ ಇಷ್ಟು ಅಗ್ಗದಲ್ಲಿ ಇಷ್ಟು ದಿನ ಬಾಳಿದ ಒಂದು ಕುಚೇಷ್ಟೆಯನ್ನೂ ನಾನು ಮಾಡಿಲ್ಲ, ಒಪ್ಪಿಕೊಳ್ಳುತ್ತೇನೆ. ಬಿಚ್ಚಿದ ಕೊಡೆ ಹಿಡಿದು ಎರಡು ಹೆಜ್ಜೆ ಹಾಕಿದೆ. ತಲೆಗೆ ಒಂದು ಹನಿಯೂ ಬೀಳಲಿಲ್ಲ, ಒಳ್ಳೆಯ ಕೊಡೆ. ಮೂರನೆಯ ಹೆಜ್ಜೆಗೆ ನಿಂತೆ. ವಾಪಸ್ ಬಂದು, ಮಡಿಕೆಗಳನ್ನು ಒಂದೊಂದಾಗಿ ಜೋಡಿಸಿ, ಪಟ್ಟಿಯನ್ನು ಎರಡು ಸುತ್ತು ಸುತ್ತಿ ಗುಂಡಿ ಹಾಕಿದೆ, ಅವರು ಹಾಕಿದ್ದ ಹಾಗೆಯೇ. ಕಂಕುಳಲ್ಲಿ ಇಟ್ಟುಕೊಂಡು ಮಳೆಗೆ ಇಳಿದೆ.

ಭಾವ ಜಗುಲಿಯಲ್ಲಿ ಕೂತಿದ್ದರು. ಮೊದಲಿಗಿಂತ ಇಳಿದುಹೋಗಿದ್ದಾರೆ, ಎದ್ದು ನಿಲ್ಲುವುದಕ್ಕೆ ಗೋಡೆ ಬೇಕು. ನಾನು ಅಂಗಳದಲ್ಲಿ ನಿಂತು ಪಂಚೆಯ ತುದಿ ಹಿಂಡಿದೆ.

“ಕೊಡೆ ಇತ್ತಲ್ಲ ಭಾವ?”

“ಇತ್ತು. ನನ್ನನ್ನ ಅಷ್ಟು ದಡ್ಡ ಅಂದ್ಕೊಂಡ್ರಾ?”

ಅವರು ಗೋಡೆ ಹಿಡಿದುಕೊಂಡು, ಕೆಮ್ಮು ಬರುವವರೆಗೂ ನಕ್ಕರು. ಒಳಗಿನಿಂದ ಜಯಮ್ಮ, “ಸೊಪ್ಪು ತಂದ್ರಾ?” ಎಂದು ಕೂಗಿದಳು. ತಂದೆ ಅಂದೆ.